ಸಾಕುಹಕ್ಕಿಯ ರೆಕ್ಕೆ ಮತ್ತು ಒಡೆಯನ ಕತ್ತರಿ

ಸಾಕಿದ ಹಕ್ಕಿಯ ರೆಕ್ಕೆಯ ಗರಿಗಳನ್ನು ಕತ್ತರಿಸಬಹುದೆ, ಕತ್ತರಿಸುವದಾದರೆ ಹೇಗೆ ಕತ್ತರಿಸಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾದದ್ದೆಂದು ಕೆಲವರಿಗೆ ತೋರಬಹುದು. ಮಳೆ ಬೆಳೆ, ಆಯವ್ಯಯ, ಚುನಾವಣೆಗಳ ವಿಚಾರವಿರುವಾಗ ಒಂದು ಹಿಡಿ ಪುಕ್ಕದ ಮಾತಿಗೆ ಈ ಅಂಕಣದಲ್ಲಿ ಸ್ಥಳವೇಕೆ ಎಂದು ಕೇಳುವವರೂ ಇರಬಹುದು. ಆದರೆ ಪರದೇಶದ ಹಕ್ಕಿಗಳನ್ನು ಸಾಕುವ ರೂಢಿಯು ಈಗ ಶ್ರೀಮಂತರ ಬಂಗಲೆಗಳನ್ನು ದಾಟಿ ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಮನೆಗಳಿಗೂ ಕಾಲಿಟ್ಟಿದೆ. ಹಕ್ಕಿಯೊಡನೆ ಪಂಜರ ಬರುತ್ತದೆ. ಪಂಜರದೊಡನೆ ಅಂಗಡಿಯವನ ಉಪದೇಶವೂ ಬರುತ್ತದೆ. ಆ ಉಪದೇಶದಲ್ಲಿ ಮೊದಲನೆಯದು ರೆಕ್ಕೆಗೆ ಕತ್ತರಿ ಹಾಕಿಸಿರೆಂಬುದು. ತಿಳಿದು ಮಾಡಿದರೆ ನೋವಿಲ್ಲದ ಈ ಕೆಲಸವು ತಿಳಿಯದವರ ಕೈಯಲ್ಲಿ ಪ್ರಾಣಾಪಾಯಕರವಾಗುವದುಂಟು. ಆದುದರಿಂದ ಈ ವಿಷಯದಲ್ಲಿ ನಮಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವದು ಉಚಿತವೆಂದು ನಾವು ಭಾವಿಸಿದ್ದೇವೆ.

ಮೊಟ್ಟಮೊದಲು ಕಾಯದೆಯ ಮಾತನ್ನು ಹೇಳಿಬಿಡುವದು ಒಳ್ಳೆಯದು. ನಮ್ಮ ತೋಟ ಗದ್ದೆಗಳಲ್ಲಿ, ಗುಡಿಯ ಗೋಪುರಗಳಲ್ಲಿ ಕಾಣುವ ಕೊರಳಪಟ್ಟಿಯ ಹಸಿರು ಗಿಳಿ, ದೊಡ್ಡ ರಾಜಗಿಳಿ, ಗೊರವಂಕ, ರಾಟವಾಳ ಮೊದಲಾದವು ಯಾರ ಸಾಕುಹಕ್ಕಿಗಳೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯು ಅವುಗಳಿಗೆ ರಕ್ಷಣೆ ಕೊಟ್ಟಿದೆ. ಅವುಗಳನ್ನು ಹಿಡಿಯುವದೂ ಮಾರುವದೂ ಕೊಳ್ಳುವದೂ ಪಂಜರದಲ್ಲಿಟ್ಟು ಸಾಕುವದೂ ಅಪರಾಧವು. ನಮ್ಮ ದೇಶದ ಹಕ್ಕಿಗಳ ವ್ಯಾಪಾರಕ್ಕೆ 1990–91ರ ಹೊತ್ತಿಗೇ ತಡೆ ಬಿದ್ದಿದೆ. ಹೀಗಿದ್ದರೂ ಮರದ ಪೊಟರೆಯಿಂದ ಕಣ್ಣು ಬಿಡದ ಮರಿಗಳನ್ನು ಕಿತ್ತು ತಂದು ಮಾರುವವರು ಇನ್ನೂ ಇದ್ದಾರೆ; ಅಜ್ಜನ ಕಾಲದಿಂದ ಮನೆಯಲ್ಲಿ ರಾಮಾ ರಾಮಾ ಎನ್ನುವ ಗಿಳಿಯಿತ್ತೆಂದು ಸಮರ್ಥಿಸಿಕೊಳ್ಳುವ ಗೃಹಸ್ಥರೂ ಇದ್ದಾರೆ. ಅಜ್ಜನ ಕಾಲದ ರೂಢಿಯು ಇಂದಿನ ಕಾಯದೆಗೆ ಉತ್ತರವಾಗಲಾರದು. ಇಂತಹ ಹಕ್ಕಿಯ ರೆಕ್ಕೆಯನ್ನು ಸುರಕ್ಷಿತವಾಗಿ ಕತ್ತರಿಸುವ ಕ್ರಮವೆಂಬುದೇ ಇಲ್ಲ. ಅದನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸುವದೊಂದೇ ಕ್ರಮವು. ರೆಕ್ಕೆ ಕತ್ತರಿಸಿದ ಗಿಳಿಯನ್ನು ಪುಣ್ಯ ಬರಲೆಂದು ಬಯಲಿಗೆ ಬಿಡುವದೂ ತಪ್ಪು. ಹಾರಲಾರದ ಹಕ್ಕಿಯನ್ನು ಬಯಲಲ್ಲಿ ಬಿಡುವದೆಂದರೆ ಬೆಕ್ಕಿಗೂ ಕಾಗೆಗೂ ಒಪ್ಪಿಸಿದಂತೆಯೇ ಸರಿ.

ಇನ್ನು ಉಳಿದದ್ದು ಪರದೇಶದ ತಳಿಗಳ ಮಾತು. ಆಸ್ಟ್ರೇಲಿಯದ ಬಜರಿಗಾರ್ ಮತ್ತು ಕಾಕಟೀಲ್, ಆಫ್ರಿಕೆಯ ಲವ್ ಬರ್ಡ್ ಮತ್ತು ಬೂದು ಗಿಳಿ, ದಕ್ಷಿಣ ಅಮೆರಿಕದ ಮಕಾವ್ ಮುಂತಾದವು ನಮ್ಮ ಮನೆಗಳಲ್ಲಿ ಬೆಳೆಯುತ್ತಿವೆ. ಇವುಗಳಲ್ಲಿಯೂ ಎಲ್ಲಕ್ಕೂ ಒಂದೇ ನಿಯಮವಿಲ್ಲ. ಬೂದು ಗಿಳಿಯನ್ನು 2016ರ ಅಂತರರಾಷ್ಟ್ರೀಯ ಒಪ್ಪಂದದ ಸಭೆಯಲ್ಲಿ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಲಾಯಿತು. 2022ರ ತಿದ್ದುಪಡಿಯಿಂದ ಆ ಒಪ್ಪಂದದ ಪಟ್ಟಿಗಳು ನಮ್ಮ ಕಾಯದೆಯೊಳಕ್ಕೂ ಬಂದವು. 2024ರಲ್ಲಿ ಹೊರಬಿದ್ದ ನಿಯಮಗಳಂತೆ ಪಟ್ಟಿಯಲ್ಲಿರುವ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕಾಗಿದೆ. ಬಜರಿಗಾರ್, ಕಾಕಟೀಲ್ ಹಾಗೂ ಸಾಮಾನ್ಯವಾಗಿ ಕಾಣುವ ಕೆಂಪುಮುಖದ ಲವ್ ಬರ್ಡ್‌ಗಳು ಆ ಪಟ್ಟಿಯ ಹೊರಗಿವೆ. ಕಾಯದೆಯಂತೆ ಸಾಕಿಕೊಂಡಿರುವ ಇಂತಹ ಹಕ್ಕಿಗಳನ್ನು ಕುರಿತೇ ನಾವು ಮುಂದೆ ಹೇಳುತ್ತಿರುವದು.

ಗರಿ ಕತ್ತರಿಸುವದೆಂದರೇನು ಎಂಬುದನ್ನು ಮೊದಲು ಸರಿಯಾಗಿ ತಿಳಿಯಬೇಕು. ಹಕ್ಕಿಯ ರೆಕ್ಕೆಯ ಹೊರತುದಿಯಲ್ಲಿರುವ ಉದ್ದನೆಯ ಗರಿಗಳು ಪ್ರಧಾನ ಗರಿಗಳು. ಗಿಳಿಯ ಜಾತಿಯಲ್ಲಿ ಇವು ಒಂದೊಂದು ರೆಕ್ಕೆಗೆ 10 ಇರುತ್ತವೆ. ಹಕ್ಕಿಯನ್ನು ಮುಂದಕ್ಕೂ ಮೇಲಕ್ಕೂ ಒಯ್ಯುವ ಬಲವು ಇವುಗಳದು. ಮೈಗೆ ಹತ್ತಿರವಾಗಿರುವ ಗಿಡ್ಡ ಗರಿಗಳು ಎರಡನೆಯ ಸಾಲಿನವು. ಹಕ್ಕಿಯು ಗಾಳಿಯಲ್ಲಿ ತೇಲಿ ಇಳಿಯುವಾಗ ಅದನ್ನು ಎತ್ತಿ ಹಿಡಿಯುವವು ಇವೇ. ಪೂರ್ಣ ಬೆಳೆದ ಗರಿಯು ನಮ್ಮ ಉಗುರಿನಂತೆ, ಕೂದಲಿನಂತೆ ನಿರ್ಜೀವವಾದದ್ದು. ಅದನ್ನು ಕತ್ತರಿಸಿದರೆ ನೋವಿಲ್ಲ, ರಕ್ತವಿಲ್ಲ; ವರ್ಷಕ್ಕೊಮ್ಮೆ ಗರಿ ಉದುರುವ ಕಾಲದಲ್ಲಿ ಮೊಂಡು ಬಿದ್ದು ಹೊಸದು ಹುಟ್ಟುತ್ತದೆ. ಆದುದರಿಂದ ಗರಿ ಕತ್ತರಿಸುವದನ್ನೂ ರೆಕ್ಕೆ ಕಡಿಯುವದನ್ನೂ ಒಂದೆಂದು ತಿಳಿಯಬಾರದು. ರೆಕ್ಕೆಯ ತುದಿಯ ಕೀಲನ್ನೇ ಕತ್ತರಿಸಿ ಹಕ್ಕಿಯನ್ನು ಜನ್ಮಪೂರ್ತಿ ಅಂಗಹೀನವಾಗಿ ಮಾಡುವ ಪದ್ಧತಿಯೊಂದು ಬೇರೆ ಉಂಟು. ಗರಿಗಳಿಗೆ ಅಂಟು ಹಚ್ಚುವ, ಪಟ್ಟಿ ಸುತ್ತುವ, ಬೇರುಸಹಿತ ಕೀಳುವ ಕ್ರೂರ ಉಪಾಯಗಳೂ ಉಂಟು. ಇವುಗಳಿಗೆ ಯಾವ ಸಮರ್ಥನೆಯೂ ಇಲ್ಲ.

ಈಗ ಎರಡೂ ಪಕ್ಷಗಳ ವಾದವನ್ನು ನ್ಯಾಯವಾಗಿ ಕೇಳೋಣ. ಕತ್ತರಿಸಬೇಕೆನ್ನುವವರು ಹೇಳುವದೇನೆಂದರೆ: ನಮ್ಮ ಮನೆಗಳು ಹಕ್ಕಿ ಹಾರಲೆಂದು ಕಟ್ಟಿದವಲ್ಲ. ನೆತ್ತಿಯ ಮೇಲೆ ವಿದ್ಯುತ್ ಪಂಖವು ತಿರುಗುತ್ತಿರುತ್ತದೆ. ಅಡಿಗೆಮನೆಯಲ್ಲಿ ಸಾರಿನ ಪಾತ್ರೆಯೂ ಕಾದ ಎಣ್ಣೆಯೂ ಬಾಯಿ ತೆರೆದಿರುತ್ತವೆ. ಬೀದಿಯ ಬಾಗಿಲು ದಿನಕ್ಕೆ ಐವತ್ತು ಸಲ ತೆರೆಯುತ್ತದೆ. ಕಿಟಕಿಯ ಗಾಜು ಹಕ್ಕಿಯ ಕಣ್ಣಿಗೆ ಕಾಣುವದಿಲ್ಲ. ಪಂಜರದಲ್ಲಿ ಹುಟ್ಟಿದ ಕಾಕಟೀಲ್ ಒಂದು ಸಲ ಬಾಗಿಲು ದಾಟಿ ಹಾರಿತೆಂದರೆ ಆಹಾರ ಹುಡುಕಲು ಅರಿಯದೆ, ಹಿಂದಿರುಗುವ ದಾರಿ ತಿಳಿಯದೆ ಸಾಯುವದೇ ಹೆಚ್ಚು. ಈ ವಾದದಲ್ಲಿ ಸತ್ಯವಿಲ್ಲವೆಂದು ನಾವು ಹೇಳುವದಿಲ್ಲ.

ಆದರೆ ಇನ್ನೊಂದು ಪಕ್ಷದ ಮಾತಿಗೆ ತೂಕ ಹೆಚ್ಚೆಂದು ನಮಗೆ ತೋರುತ್ತದೆ. ಹಾರಾಟವು ಹಕ್ಕಿಗೆ ಅಲಂಕಾರವಲ್ಲ. ಅದರ ಶರೀರವನ್ನೆಲ್ಲ ಸೃಷ್ಟಿಯು ಅದಕ್ಕಾಗಿಯೇ ರೂಪಿಸಿದೆ. ಹಾರುವ ಹಕ್ಕಿಯ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಎದೆಯ ಮಾಂಸಖಂಡದ್ದು. ಕೆಲಸವಿಲ್ಲದೆ ಅದು ಕುಗ್ಗುತ್ತದೆ, ಹಕ್ಕಿಗೆ ಬೊಜ್ಜು ಬೆಳೆಯುತ್ತದೆ. ಹೆದರಿದಾಗ ಹಾರಿಹೋಗುವದೇ ಹಕ್ಕಿಗಿರುವ ಮೊದಲ ರಕ್ಷಣೆ. ಅದನ್ನು ಕಳೆದುಕೊಂಡದ್ದು ಅಳುಕಿನಲ್ಲಿಯೇ ಬಾಳುತ್ತದೆ ಇಲ್ಲವೆ ಕಚ್ಚುವದನ್ನು ಕಲಿಯುತ್ತದೆ. ಕೆಲವು ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುವ ಚಟಕ್ಕೆ ಬೀಳುತ್ತವೆ. ನೆಲದಲ್ಲಿ ನಡೆದಾಡುವ ಹಕ್ಕಿಗೆ ಪಂಖದ ಭಯ ತಪ್ಪಿದರೂ ಮನೆಯವರ ಕಾಲ್ತುಳಿತದ ಭಯ, ಬಾಗಿಲ ಸಂದಿನ ಭಯ, ಬೆಕ್ಕು ನಾಯಿಗಳ ಭಯ ಹುಟ್ಟುತ್ತವೆ. ಎಲ್ಲಕ್ಕಿಂತ ಮಿಗಿಲಾದ ಅಪಾಯವು ಒಡೆಯನಿಗೆ ಬರುವ ಹುಸಿ ಧೈರ್ಯವು. ಗರಿ ಕತ್ತರಿಸಿದೆಯೆಂದು ಹಕ್ಕಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಮಾಳಿಗೆಗೆ ಹೋಗುವವರನ್ನು ನೋಡುತ್ತೇವೆ. ಹಗುರವಾದ ಹಕ್ಕಿಯು ಗಾಳಿಯ ಒಂದು ಬೀಸಿಗೆ ಅರ್ಧ ರೆಕ್ಕೆಯಲ್ಲಿಯೂ ಮರದ ತುದಿಗೇರಬಲ್ಲದು. ಅಲ್ಲಿಂದ ಇಳಿಯಲು ಮಾತ್ರ ಅರಿಯದು. ಗರಿಗಳು ಯಾವಾಗ ಮರಳಿ ಬೆಳೆದವೆಂಬುದನ್ನೂ ಬಹುಜನರು ಗಮನಿಸುವದಿಲ್ಲ.

ಹೀಗಾಗಿ ನಮ್ಮ ಅಭಿಪ್ರಾಯವು ಇಷ್ಟು: ಗರಿ ಕತ್ತರಿಸುವದು ಮೊದಲನೆಯ ಉಪಾಯವಾಗಬಾರದು, ಕೊನೆಯದಾಗಬೇಕು. ಹಕ್ಕಿಯನ್ನು ಹೊರಗೆ ಬಿಡುವ ಕೋಣೆಯಲ್ಲಿ ಪಂಖವನ್ನು ನಿಲ್ಲಿಸುವದಕ್ಕೆ ಖರ್ಚಿಲ್ಲ. ಕಿಟಕಿಗೆ ತಂತಿಯ ಜಾಲರಿ, ಗಾಜಿಗೂ ಕನ್ನಡಿಗೂ ಪರದೆ, ಬೀದಿಯ ಬಾಗಿಲಿಗೂ ಹಕ್ಕಿಯ ಕೋಣೆಗೂ ನಡುವೆ ಇನ್ನೊಂದು ಬಾಗಿಲು, ಇವು ಯಾವ ಮಧ್ಯಮ ವರ್ಗದ ಗೃಹಸ್ಥನಿಗೂ ಅಸಾಧ್ಯವಲ್ಲ. ಅಡಿಗೆಮನೆಯೊಳಕ್ಕೆ ಹಕ್ಕಿಯನ್ನು ಎಂದಿಗೂ ಬಿಡತಕ್ಕದ್ದಲ್ಲ. ಅಂಟದಂತೆ ಲೇಪ ಹಚ್ಚಿದ ಬಾಣಲೆಯು ಬರಿದಾಗಿ ಅತಿಯಾಗಿ ಕಾದಾಗ ಹೊರಡುವ ಹೊಗೆಯು ಮನುಷ್ಯನಿಗೆ ಅರಿವಾಗುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ; ಅಲ್ಲಿ ರೆಕ್ಕೆಯ ಗರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕರೆದಾಗ ಕೈಗೆ ಬಂದು ಕೂಡುವದನ್ನು ಕಾಳು ಕೊಟ್ಟು ದಿನವೂ ಸ್ವಲ್ಪ ಸ್ವಲ್ಪವಾಗಿ ಕಲಿಸಬಹುದು. ತಾಳ್ಮೆಯಿಲ್ಲದವರು ಕತ್ತರಿಗೆ ಕೈ ಹಾಕುತ್ತಾರೆ. ತಾಳ್ಮೆಯಿಲ್ಲದವರು ಹಕ್ಕಿಯನ್ನು ಸಾಕದಿರುವದೇ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಕತ್ತರಿಸಲೇಬೇಕಾದ ಸಂದರ್ಭವು ಕೆಲವು ಮನೆಗಳಲ್ಲಿ ಬರಬಹುದು. ಬಾಗಿಲ ಮೇಲೆ ಹಿಡಿತವಿಲ್ಲದ ಚಿಕ್ಕ ಮಕ್ಕಳ ಮನೆಯುಂಟು. ಗೋಡೆ ಗಾಜುಗಳಿಗೆ ಮತ್ತೆ ಮತ್ತೆ ಬಡಿದುಕೊಳ್ಳುವ ಹಕ್ಕಿಯುಂಟು. ಅಂತಹವರು ತಿಳಿದಿರಬೇಕಾದ ನಿಯಮಗಳನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಹಾರಲು ಕಲಿಯದ ಮರಿಯ ಗರಿಗಳನ್ನು ಕತ್ತರಿಸಲೇಬಾರದು. ಮರಿಯು ಹಾರಿ, ತಿರುಗಿ, ಗುರಿ ನೋಡಿ ಇಳಿಯಲು ಕಲಿಯಬೇಕು. ಆಗಲೇ ಅದರ ಮೈಗೆ ತೋಲವೂ ಮನಸ್ಸಿಗೆ ಧೈರ್ಯವೂ ಬರುವವು. ಅಂಗಡಿಗಳಲ್ಲಿ ಈ ನಿಯಮವನ್ನು ಮುರಿದು ಮಾರುವ ಮರಿಗಳು ಜನ್ಮಪೂರ್ತಿ ಎಡವುತ್ತ ಬೀಳುತ್ತ ಬಾಳುವದುಂಟು.

ಎರಡನೆಯದಾಗಿ, ರಕ್ತಗರಿಯನ್ನು ಮುಟ್ಟಬಾರದು. ಹೊಸದಾಗಿ ಬೆಳೆಯುತ್ತಿರುವ ಗರಿಯ ದಂಟಿನಲ್ಲಿ ರಕ್ತವು ಹರಿಯುತ್ತಿರುತ್ತದೆ. ಬುಡದಲ್ಲಿ ಅದು ನೀಲಿ ಇಲ್ಲವೆ ಕಪ್ಪು ಮಿಶ್ರಿತ ಕೆಂಪು ಬಣ್ಣವಾಗಿ, ಮೇಣದಂತಹ ಪೊರೆಯಿಂದ ಮುಚ್ಚಿಕೊಂಡು ದಪ್ಪಗೆ ಕಾಣುತ್ತದೆ. ಪೂರ್ಣ ಬೆಳೆದ ಗರಿಯ ದಂಟು ಒಣಗಿ ಟೊಳ್ಳಾಗಿರುತ್ತದೆ. ರೆಕ್ಕೆಯನ್ನು ಬೆಳಕಿಗೆ ಹಿಡಿದು ಒಂದೊಂದು ಗರಿಯನ್ನೂ ನೋಡಿದ ಮೇಲೆಯೇ ಕತ್ತರಿ ಆಡಿಸಬೇಕು. ಬಜರಿಗಾರ್ ಹಕ್ಕಿಯ ತೂಕವು 30 ರಿಂದ 40 ಗ್ರಾಂ, ಕಾಕಟೀಲಿನದು 80 ರಿಂದ 100 ಗ್ರಾಂ. ಇಷ್ಟು ಚಿಕ್ಕ ಶರೀರಕ್ಕೆ ಕೆಲವು ಹನಿ ರಕ್ತವೂ ದೊಡ್ಡ ನಷ್ಟವೆಂಬುದನ್ನು ಯಾರೂ ಮರೆಯಬಾರದು. ಅಕಸ್ಮಾತ್ ರಕ್ತಗರಿಯು ತುಂಡಾದರೆ ಕಾರ್ನ್ ಫ್ಲೋರ್ ಎಂದು ಅಂಗಡಿಯಲ್ಲಿ ಸಿಗುವ ಹಿಟ್ಟನ್ನು ಗರಿಯ ತುದಿಗೆ ಒತ್ತಿ ಹಿಡಿದು, ಕೂಡಲೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಗರಿಯನ್ನು ತಾವೇ ಕೀಳಲು ಹೋಗಬಾರದು.

ಮೂರನೆಯದಾಗಿ, ಹಕ್ಕಿಯನ್ನು ಹಿಡಿಯುವ ಕ್ರಮವನ್ನು ಅರಿತಿರಬೇಕು. ಹಕ್ಕಿಗೆ ನಮ್ಮಂತೆ ವಪೆಯಿಲ್ಲ. ಎದೆಯ ಎಲುಬು ಮುಂದೆ ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಎದೆಯನ್ನು ಬಿಗಿಯಾಗಿ ಅದುಮಿ ಹಿಡಿದವನು ತನಗರಿಯದಂತೆ ಅದರ ಉಸಿರನ್ನೇ ಕಟ್ಟಿದಂತಾಗುವದು. ಮೆತ್ತನೆಯ ಅಂಗವಸ್ತ್ರದಲ್ಲಿ ಸಡಿಲವಾಗಿ ಸುತ್ತಿ, ದವಡೆಯ ಕೆಳಗೆ ಬೆರಳುಗಳಿಂದ ತಲೆಯನ್ನು ಅಲುಗದಂತೆ ಹಿಡಿದು, ಎದೆಯನ್ನು ಬಿಡುವಾಗಿ ಇಡಬೇಕು. ರೆಕ್ಕೆಯನ್ನು ತುದಿಯಿಂದ ಎಳೆಯದೆ, ಹೆಗಲಿಗೆ ಹತ್ತಿರವಾದ ಎಲುಬಿನ ಬಳಿ ಆನಿಸಿಕೊಂಡು ಬಿಡಿಸಬೇಕು. ತುದಿಯನ್ನು ಹಿಡಿದಾಗ ಹಕ್ಕಿ ಕೊಸರಿದರೆ ಎಲುಬು ಮುರಿಯುತ್ತದೆ. ಹಿಡಿಯುವವನೊಬ್ಬ, ಕತ್ತರಿಸುವವನೊಬ್ಬ ಹೀಗೆ ಇಬ್ಬರಿರಬೇಕು. ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ಹಕ್ಕಿಯನ್ನು ಬಿಟ್ಟುಬಿಡಬೇಕು.

ನಾಲ್ಕನೆಯದಾಗಿ, ಎರಡೂ ರೆಕ್ಕೆಗಳನ್ನು ಸಮವಾಗಿ ಕತ್ತರಿಸಬೇಕು. ಒಂದೇ ರೆಕ್ಕೆಯನ್ನು ಕತ್ತರಿಸಿದರೆ ಸಾಕೆಂಬುದು ಹಳೆಯ ಮೂಢ ಉಪದೇಶವು. ಅಂತಹ ಹಕ್ಕಿಯು ತೋಲ ತಪ್ಪಿ ಗಿರಕಿ ಹೊಡೆದು ಬೀಳುತ್ತದೆ. ಹೊರತುದಿಯಿಂದ ಆರಂಭಿಸಿ ನಾಲ್ಕರಿಂದ ಆರು ಪ್ರಧಾನ ಗರಿಗಳು ಸಾಮಾನ್ಯವಾಗಿ ಸಾಕಾಗುವವು. ಆದರೆ ಒಮ್ಮೆಗೇ ಅಷ್ಟನ್ನೂ ಕತ್ತರಿಸಬಾರದು. ಮೊದಲು ಕೆಲವನ್ನು ಕತ್ತರಿಸಿ, ಜಮಖಾನೆ ಹಾಸಿದ ಕೋಣೆಯಲ್ಲಿ ತಗ್ಗಿನಿಂದ ಹಾರಗೊಟ್ಟು ನೋಡಿ, ಬೇಕೆನಿಸಿದರೆ ಎರಡೂ ಕಡೆ ಒಂದೊಂದನ್ನು ಹೆಚ್ಚಿಸಬೇಕು. ಹಕ್ಕಿಯು ಎಲೆಯಂತೆ ತೇಲಿ ಇಳಿಯಬೇಕೇ ಹೊರತು ಕಲ್ಲಿನಂತೆ ಬೀಳಬಾರದು. ಬೂದು ಗಿಳಿಯಂತಹ, 400–500 ಗ್ರಾಂ ತೂಗುವ ಭಾರದ ಹಕ್ಕಿಗಳಲ್ಲಿ ಇನ್ನೂ ಕಡಮೆ ಕತ್ತರಿಸಬೇಕು. ಹೆಚ್ಚು ಕತ್ತರಿಸಿದರೆ ನೆಲಕ್ಕೆ ಬಿದ್ದು ಎದೆಯ ಏಣಿನ ಮೇಲಿನ ತೊಗಲು ಸೀಳುವದು, ಎಲುಬೂ ಬಿರಿಯಬಹುದು. ಮೈಗೆ ಹತ್ತಿರದ ಎರಡನೆಯ ಸಾಲಿನ ಗರಿಗಳಿಗೆ ಕತ್ತರಿಯು ಸೋಕಲೇಬಾರದು. ಪ್ರಧಾನ ಗರಿಗಳ ಬುಡವನ್ನು ಹೊದ್ದಿರುವ ಚಿಕ್ಕ ಹೊದಿಕೆಯ ಗರಿಗಳ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಮೊನಚಾದ ಮೊಂಡುಗಳು ಮೈಗೆ ಚುಚ್ಚುವದಿಲ್ಲ. ಅಂದಕ್ಕಾಗಿ ತುದಿಯ ಎರಡು ಗರಿಗಳನ್ನು ಬಿಟ್ಟು ನಡುವಿನವನ್ನು ಕತ್ತರಿಸುವವರಿದ್ದಾರೆ. ಆಸರೆಯಿಲ್ಲದ ಆ ಎರಡು ಗರಿಗಳು ಬೇಗನೆ ಮುರಿಯುತ್ತವೆ. ಹೊಸ ರಕ್ತಗರಿಯೂ ಅಕ್ಕಪಕ್ಕದ ಗರಿಗಳ ಆಸರೆಯಿಲ್ಲದೆ ಬೆಳೆಯುವಾಗ ಹೀಗೆಯೇ ಮುರಿಯಬಲ್ಲದಾದ್ದರಿಂದ ಗರಿ ಉದುರುವ ಕಾಲದಲ್ಲಿ ವಿಶೇಷ ಎಚ್ಚರವಿರಬೇಕು.

ಐದನೆಯದು, ಮೇಲಿನ ನಾಲ್ಕಕ್ಕಿಂತಲೂ ಮುಖ್ಯವಾದದ್ದು: ಮೊದಲ ಸಲ ಇದನ್ನು ಪಶುವೈದ್ಯರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು. ನಾವು ಬರೆದದ್ದನ್ನು ಓದಿದ ಮಾತ್ರಕ್ಕೆ ಯಾರೂ ಕತ್ತರಿ ಹಿಡಿಯುವದು ಬೇಡ. ಈಜುವದನ್ನೂ ಇದನ್ನೂ ಕಾಗದದಿಂದ ಕಲಿಯಲು ಬಾರದು.

ಆದರೆ ಇಲ್ಲಿ ಒಂದು ತೊಡಕು ಏಳುತ್ತದೆ. ಪಶುವೈದ್ಯರೆಲ್ಲಿ? ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನಲ್ಲಿ ವಿಶ್ವವಿದ್ಯಾಲಯವೇ ಇದೆ. ತಾಲೂಕು ತಾಲೂಕಿಗೆ ಪಶು ದವಾಖಾನೆಗಳಿವೆ. ಅಲ್ಲಿಯ ವೈದ್ಯರ ಕಾಲವೆಲ್ಲ ದನ ಎಮ್ಮೆ, ಕುರಿ ಕೋಳಿಗಳಿಗೆ ಮೀಸಲು; ರೈತನ ದೇಶದಲ್ಲಿ ಅದು ನ್ಯಾಯವೂ ಹೌದು. ಆದರೆ ಹಕ್ಕಿ ಸಾಕುವವರು ಹೆಚ್ಚಿದಂತೆ ಅವುಗಳ ಚಿಕಿತ್ಸೆ ಬಲ್ಲವರೂ ಹೆಚ್ಚಬೇಡವೆ? ಜಿಲ್ಲೆಗೊಬ್ಬ ವೈದ್ಯನಿಗಾದರೂ ಹಕ್ಕಿಗಳ ವಿಷಯದಲ್ಲಿ ವಿಶೇಷ ಶಿಕ್ಷಣ ಕೊಟ್ಟು, ವಾರಕ್ಕೊಂದು ದಿನ ಗೊತ್ತುಮಾಡಿ ಈ ಕೆಲಸವನ್ನು ಅಲ್ಪ ಶುಲ್ಕಕ್ಕೆ ನಡೆಸಿದರೆ ಖಜಾನೆಗೆ ಭಾರವೇನೂ ಆಗದು. ನಮ್ಮ ವಾಚಕರಲ್ಲಿ ಅಧಿಕಾರಸ್ಥರು ಹಲವರಿದ್ದಾರೆ. ಈ ಸೂಚನೆಯನ್ನು ಕಡತದ ನಡುವೆ ಮಡಚಿಡದೆ ವಿಚಾರಿಸಬೇಕೆಂದು ಅವರನ್ನು ಕೇಳಿಕೊಳ್ಳುತ್ತೇವೆ.

ಎರಡನೆಯ ಹೊಣೆ ಅಂಗಡಿಗಳ ಮೇಲಿನ ಹತೋಟಿಯದು. ಸಾಕುಪ್ರಾಣಿಗಳ ಅಂಗಡಿಗಳನ್ನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕೆಂದು 2018ರ ನಿಯಮಗಳು ವಿಧಿಸಿವೆ. ನಿಯಮವು ಗೆಜೆಟಿನಲ್ಲಿ ಅಚ್ಚಾದರೆ ಸಾಲದು. ಸಂತೆಯ ದಿನ ಯಾರಾದರೂ ಹೋಗಿ ಪಂಜರಗಳನ್ನು ನೋಡಬೇಕು. ಹಾರಲು ಕಲಿಯದ ಮರಿಯ ಗರಿ ಕತ್ತರಿಸಿ ಮಾರುವವನ ಪರವಾನಗಿಯನ್ನು ಕಸಿದುಕೊಳ್ಳುವ ಸ್ಪಷ್ಟ ಆಜ್ಞೆಯೊಂದು ಇರಬೇಕೆಂಬುದು ನಮ್ಮ ಬೇಡಿಕೆಯಾಗಿದೆ.

ಮೂರನೆಯದು ದಂಡದ ಮಾತು. ಪ್ರಾಣಿಹಿಂಸೆಯನ್ನು ತಡೆಯಲೆಂದು 1960ರಲ್ಲಿ ಬಂದ ಕಾಯದೆಯು ಪ್ರಾಣಿಯ ಅಂಗಭಂಗ ಮಾಡುವದನ್ನೂ, ಚಲಿಸಲು ಎಡೆಯಿಲ್ಲದ ಪಂಜರದಲ್ಲಿ ಕೂಡಿಹಾಕುವದನ್ನೂ ಅಪರಾಧವೆಂದಿತು. ಆದರೆ ಮೊದಲ ಸಲದ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡವು 10 ರೂಪಾಯಿಗೆ ಕಡಮೆಯಿಲ್ಲದೆ 50 ರೂಪಾಯಿಗೆ ಮೀರದೆ ಇರತಕ್ಕದ್ದು! ಅಂದು ಐವತ್ತು ರೂಪಾಯಿಗೆ ಬೆಲೆಯಿತ್ತು. ಇಂದು ಅಷ್ಟಕ್ಕೆ ಹಕ್ಕಿಯ ಪಂಜರದ ಬಾಗಿಲೂ ಬಾರದು. 2022ರಲ್ಲಿ ಕೇಂದ್ರ ಸರಕಾರವು ಈ ಕಾಯದೆಯ ತಿದ್ದುಪಡಿಯ ಕರಡೊಂದನ್ನು ಜನಾಭಿಪ್ರಾಯಕ್ಕಾಗಿ ಹೊರಡಿಸಿತ್ತು. ನ್ಯಾಯಾಲಯಗಳಂತೂ ಈ ವಿಷಯದಲ್ಲಿ ಸುಮ್ಮನಿಲ್ಲ. ರೆಕ್ಕೆ ಬಾಲಗಳನ್ನು ಕತ್ತರಿಸಿ ಪಂಜರಗಳಲ್ಲಿ ತುಂಬಿದ್ದ ಹಕ್ಕಿಗಳ ಪ್ರಕರಣದಲ್ಲಿ 2011ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವೂ, 2015ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕುಂಟೆಂಬ ಪಕ್ಷವನ್ನು ಹಿಡಿದವು. ನ್ಯಾಯಾಧೀಶರ ಮಾತು ಇಷ್ಟು ಮುಂದೆ ಹೋಗಿರುವಾಗ ದಂಡದ ಪಟ್ಟಿಯು ಅಷ್ಟು ಹಿಂದೆ ನಿಂತಿರುವದು ಶೋಭಿಸದು.

ಹಕ್ಕಿಯನ್ನು ಸಾಕುವದೇ ಪಾಪವೆಂದು ಹೇಳುವ ಸಜ್ಜನರಿದ್ದಾರೆ. ಅವರ ಭಾವನೆಯನ್ನು ನಾವು ಗೌರವಿಸುತ್ತೇವೆ. ಆದರೆ ಪಂಜರದಲ್ಲಿಯೇ ಹುಟ್ಟಿ ಬೆಳೆದ, ಈ ನಾಡಿನ ಕಾಡು ಕಾಣದ ಹಕ್ಕಿಗಳು ಸಾವಿರಾರು ಮನೆಗಳಲ್ಲಿ ಈಗಾಗಲೇ ಇವೆ. ಬಾಗಿಲು ತೆರೆದುಬಿಟ್ಟರೆ ಅವು ಸ್ವತಂತ್ರವಾಗುವದಿಲ್ಲ, ಸಾಯುತ್ತವೆ. ಅವುಗಳ ಹೊಣೆಯನ್ನು ಹೊತ್ತವರು ಅದನ್ನು ಸರಿಯಾಗಿ ಹೊರುವಂತೆ ಮಾಡುವದೇ ಈಗಿರುವ ದಾರಿಯು. ಹೊಸದಾಗಿ ಹಕ್ಕಿಯನ್ನು ತರಬೇಕೆಂದಿರುವ ಗೃಹಸ್ಥರು ಕೊಳ್ಳುವ ಮೊದಲು ತಮ್ಮ ಮನೆಯನ್ನೊಮ್ಮೆ ಸುತ್ತಿ ನೋಡಲಿ. ದಿನಕ್ಕೆ ಒಂದೆರಡು ಗಳಿಗೆಯಾದರೂ ಅದು ನಿರ್ಭಯವಾಗಿ ಹಾರುವಷ್ಟು ಸ್ಥಳವೂ, ಅಷ್ಟು ಹೊತ್ತು ಜೊತೆಗಿದ್ದು ನೋಡಿಕೊಳ್ಳುವಷ್ಟು ಬಿಡುವೂ ತಮಗುಂಟೆ ಎಂದು ವಿಚಾರಿಸಲಿ. ಇಲ್ಲವೆಂದು ತೋರಿದರೆ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವದೇ ವಿವೇಕವು. ಉಂಟೆಂದು ತೋರಿದವರಿಗೆ ಕತ್ತರಿಯ ಅಗತ್ಯವು ಬಹುಮಟ್ಟಿಗೆ ಬೀಳಲಾರದು.